ದೊಡ್ಡ ಪುಲ್ಲಿಯ ದೊಡ್ಡಸ್ತಿಕೆ

ಮುನೀಂದ್ರನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದೇ ಒಂದು ಮಾತಿನಿಂದ. ಆ ಮಾತು ‘ಮೆಲ್ಲಗೆ’. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಹೆಂಡತಿ ಶ್ಯಾಮಲಾ ಅವನಿಗೆ ‘ಬೇಗ ಏಳಿ’, ‘ಬೇಗ ತಿನ್ನಿ’, ‘ಬೇಗ ಓಗಿ’ ಎಂದದ್ದುಂಟೇ ಹೊರತು ಒಂದು ದಿನವೂ ‘ಮೆಲ್ಲಗೆ’ ಎಂದವಳಲ್ಲ. ಅಂಥವಳು ಫೋನಿನಲ್ಲಿ ಬೆಲ್ಲದ ಪಾಕದಂಥ ದನಿ ತೆಗೆದು ಹೇಳುತ್ತಿದ್ದಳು:

“ಸಾಯಿ, ಒಸಿ ಮೆಲ್ಲಗೆ ಓಡೋ ಅಂಗೆ ಮಾಡ್ಕೊಡಪ್ಪ. ನಿನ್ ಕೈ ಬಿದ್ರೆ ಸಾಕು, ಎಂಥಾದೂ ಮಾತು ಕೇಳ್ತೈತೆ.”

ಸಾಯಿ ಎಂದರೆ ದೇವರಲ್ಲ, ಬಂಗಾರಪೇಟೆಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಸಾಯಿಕುಮಾರ್. (ದೇವರಾಗಿದ್ದರೆ ಮುನೀಂದ್ರ ಒಂದು ಕಾಯಿ ಒಡೆದು ಸುಮ್ಮನಾಗುತ್ತಿದ್ದ.) ಮೆಲ್ಲಗೆ ಓಡಬೇಕಾಗಿದ್ದದ್ದು ಶ್ಯಾಮಲಾಳ ಹೊಸ ಸವತಿ, ಅಂದರೆ ಗಾರ್ಮೆಂಟ್ಸಿನವರು ಮಾರಿದ ಒಂದು ಹಳೆಯ ಪವರ್ ಮಷಿನ್. ಗಾರ್ಮೆಂಟ್ಸ್ ಸೇರುವ ಮೊದಲು ಮನೆಯಲ್ಲೇ ಕಲಿಯಬೇಕೆಂದು ಅವಳೇ ತರಿಸಿಕೊಂಡಿದ್ದಳು. ಅದುವರೆಗೆ ಅವಳು ತುಳಿದದ್ದು ತವರುಮನೆಯ ಕಾಲು ಮಷಿನ್, ಊರ ಸುದ್ದಿ ಮಾತಾಡುತ್ತಾ ಹೊಲಿಯಬಹುದಾದಷ್ಟು ನಿಧಾನಸ್ಥೆ. ಇದಾದರೋ, ಪೆಡಲಿನ ಮೇಲೆ ಕಾಲಿನ ನೆರಳು ಬಿದ್ದರೆ ಸಾಕು, ‘ಡರ್ರ್’ ಎಂದು ಬಟ್ಟೆಯನ್ನು ನುಂಗಿ ಮುಂದಿನ ತುತ್ತಿಗೆ ಕಾಯುತ್ತಿತ್ತು.

ಸಾಯಿಕುಮಾರ್ ಬಂದ, ನೋಡಿದ, ಚಕ್ಕುಲಿ ತಿಂದ. “ಪುಲ್ಲಿ ಬದ್ಲಾಯಿಸಿದ್ರೆ ಸಾಕಕ್ಕ, ಬಾನುವಾರ ತತ್ತೀನಿ” ಎಂದು ಹೇಳಿ ಹೋದ. ಪುಲ್ಲಿ ಎಂದರೆ ಮೋಟಾರಿನ ಮೂತಿಯಲ್ಲಿ ಬೆಲ್ಟ್ ಹಿಡಿದು ತಿರುಗುವ ಪುಟ್ಟ ಚಕ್ರ. ಆ ‘ಅಕ್ಕ’ ಮುನೀಂದ್ರನಿಗೆ ಹಿಡಿಸಲಿಲ್ಲ. ನಿಜವಾದ ತಮ್ಮನಾದರೆ ಅಷ್ಟು ನೀಟಾಗಿ ತಲೆ ಬಾಚಿಕೊಂಡು ಬರುತ್ತಾನೆಯೇ?

“ಬಾನುವಾರ ಬಂಗಾರ್‌ಪೇಟೆಯಿಂದ ಪುಲ್ಲಿ ಬತ್ತೈತೆ!” ಎಂದು ಶ್ಯಾಮಲಾ ಬೀದಿಗೆಲ್ಲ ಸಾರಿದಳು. ಪಕ್ಕದ ಮನೆಯ ಮುತ್ಯಾಲಮ್ಮನಿಗೆ ಕಿವಿ ಮಂದ, ಮಾತು ತೆಲುಗು. ಆಕೆ “ಪುಲಿ ವಸ್ತುಂದಾ!” ಎಂದು ಎದೆ ಹಿಡಿದುಕೊಂಡು ಮೇಕೆಯನ್ನು ಒಳಗೆ ಕಟ್ಟಿದಳು. ತೆಲುಗಿನಲ್ಲಿ ಪುಲಿ ಎಂದರೆ ಹುಲಿಯಲ್ಲವೇ! ಹುಲಿಯೇ ಬಂದಿದ್ದರೂ ಮುನೀಂದ್ರನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ಪುಲ್ಲಿ ಆಕಕ್ಕೆ ಅವ್ನೇ ಯಾಕೆ ಬೇಕು? ನಾನಿಲ್ವಾ?” ಎಂದ.

“ನೀವಾ? ಓದ್ ತಿಂಗ್ಳು ಮಿಕ್ಸಿ ರಿಪೇರಿ ಮಾಡಿದ್ರಲ್ಲ, ಈಗ ಅದು ಚಟ್ನೀನ ಗೋಡೆಗೆ ಬಡಿಸ್ತೈತೆ.”

“ನಾನು ಯಾರ ಮಗ ಅಂದ್ಕೊಂಡೆ? ಸಾವಿರಾರು ಅಡಿ ಕೆಳಕ್ಕೆ ಜನಾನ ಇಳಿಸ್ದೋನ ಮಗ ಕಣೆ!”

“ಇಳಿಸಿದ್ದು ಮಾವ. ನೀವು ಆಲಿನ ಕ್ಯಾನ್ ಇಳಿಸ್ತೀರಿ.”

ಮಾತು ನಿಜ. ಮುನೀಂದ್ರ ಕ್ಯಾಸಂಬಳ್ಳಿ ಕಡೆ ಹಾಲಿನ ವ್ಯಾನ್ ಓಡಿಸುತ್ತಾನೆ. ಆದರೆ ಅವನ ಅಪ್ಪ ಮುನಿಶಾಮಿ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ, ಕಾರ್ಮಿಕರನ್ನು ಗಣಿಬಾವಿಗೆ ಇಳಿಸಿ ಹತ್ತಿಸುವ ಯಂತ್ರ ನಡೆಸಿದವರು. ಗೋಡೆಯ ಮೇಲಿನ ಅವರ ಫೋಟೋ ನೋಡುತ್ತಿದ್ದಂತೆ ಮುನೀಂದ್ರನಿಗೆ ಜ್ಞಾನೋದಯವಾಯಿತು. ಬಾವಿಯ ನೆತ್ತಿಯ ಮೇಲಿದ್ದ ಆ ಮಹಾಚಕ್ರ! ಚಿಕ್ಕಂದಿನಲ್ಲಿ ಅವನು ಕಣ್ಣಾರೆ ಕಂಡಂತೆ ಅದು ಎಷ್ಟು ದೊಡ್ಡದೋ ಅಷ್ಟು ಗಂಭೀರವಾಗಿ, ಮೆಲ್ಲಗೆ ತಿರುಗುತ್ತಿತ್ತು. ಅಂದಮೇಲೆ ಚಕ್ರ ದೊಡ್ಡದಾದಷ್ಟೂ ಓಟ ನಿಧಾನ. ಇಷ್ಟಕ್ಕೆ ಬಂಗಾರಪೇಟೆಯಿಂದ ಪಂಡಿತರು ಬರಬೇಕೆ?

ಭಾನುವಾರ ಬೆಳಿಗ್ಗೆ ಶ್ಯಾಮಲಾ ಹತ್ತಿರದ ಕೋರಮಂಡಲ್ ಬಡಾವಣೆಯ ತಾಯಿಯ ಮನೆಗೆ ಹೋದದ್ದೇ ತಡ, ಮುನೀಂದ್ರ ಕಾರ್ಯಾರಂಭ ಮಾಡಿದ. ಮೋಟಾರಿಗಿದ್ದ ಪುಲ್ಲಿ ಚಕ್ಕುಲಿಯಷ್ಟಿತ್ತು. ಅವನು ಗುಜರಿ ಅಂಗಡಿಯಿಂದ ತಂದದ್ದು ಒಬ್ಬಟ್ಟಿನಷ್ಟಿತ್ತು. ಬೆಲ್ಟ್ ಸಾಲದೆ ಬಂದಾಗ ಮೋಟಾರನ್ನೇ ಎತ್ತಿ ಬಿಗಿದ. ಆಮೇಲೆ ಸ್ನಾನ ಮಾಡಿ, ಹೊಗಳಿಕೆ ಸ್ವೀಕರಿಸಲು ತಕ್ಕ ಬಿಳಿ ಶರಟು ತೊಟ್ಟು ಮಷಿನ್ ಮುಂದೆ ಕುಳಿತ. ಪರೀಕ್ಷೆಗೆ ಕೈಗೆ ಸಿಕ್ಕಿದ್ದು ಒಂದು ದಿಂಬಿನ ಕವರು. ಶ್ಯಾಮಲಾ ಮದುವೆಗೆ ಮೊದಲು ತಾನೇ ಎರಡು ಗಿಣಿ ಕಸೂತಿ ಹಾಕಿದ್ದ ಕವರು ಅದು.

ಪೆಡಲ್ ಒತ್ತಿದ.

ಮೇಜು ನಡುಗಿತು, ಕಿಟಕಿ ಗದಗುಟ್ಟಿತು. ಪಕ್ಕದಲ್ಲಿ ಮೇಕೆ ಅರಚಿತು, ಹುಲಿ ಬಂದೇಬಿಟ್ಟಿತೆಂದು ಮುತ್ಯಾಲಮ್ಮ “ವಚ್ಚೇಸಿಂದಿ!” ಎನ್ನುತ್ತಾ ಬಾಗಿಲು ಹಾಕಿಕೊಂಡಳು. ಮುನೀಂದ್ರನಿಗೆ ಕಾಲು ಎತ್ತುವ ಬುದ್ಧಿ ಬರುವಷ್ಟರಲ್ಲಿ ಸೂಜಿ ಮೊದಲ ಗಿಣಿಯನ್ನು ದಾಟಿ, ಎರಡನೆಯದನ್ನು ದಾಟಿ, ಅವನ ತೋಳಿನ ಪಟ್ಟಿಯನ್ನೂ ಸೇರಿಸಿ ಹೊಲಿದು, ದಾರ ಗಂಟುಗಟ್ಟಿ ಕಚ್ಚಿಕೊಂಡು ನಿಂತಿತ್ತು. ಬೆರಳು ಉಳಿದದ್ದು ಅಪ್ಪನ ಪುಣ್ಯ. ಶರಟು ಕಳಚಿ ಓಡೋಣವೆಂದರೆ ಬಾಗಿಲಲ್ಲಿ ಬೈಕಿನ ಸದ್ದು. ಒಳಗಿನ ಬನಿಯನ್ನಿನ ತೂತುಗಳನ್ನು ಸಾಯಿಕುಮಾರನಿಗೆ ತೋರಿಸುವಷ್ಟು ಉದಾರಿ ಅವನಲ್ಲ.

ದಾರಿಯಲ್ಲಿ ಸಿಕ್ಕ ‘ಅಕ್ಕ’ ಶ್ಯಾಮಲಾಳನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ ಸಾಯಿಕುಮಾರ್ ಒಳಗೆ ಬಂದವನೇ ಬಗ್ಗಿ ನೋಡಿದ.

“ಬಾವಾ, ಮೋಟಾರ್‌ಗೆ ದೊಡ್ಡ ಪುಲ್ಲಿ ಆಕಿದ್ರೆ ಮಷಿನ್ ಇನ್ನೂ ಜೋರಾಗ್ತೈತೆ. ಆಕ್ಬೇಕಾಗಿದ್ದು ಚಿಕ್ದು.”

“ಗಣೀಲಿ ದೊಡ್ಡ ಚಕ್ರ ಮೆಲ್ಲಗೇ ತಿರುಗ್ತಿತ್ತು” ಎಂದ ಮುನೀಂದ್ರ, ಕೈ ಬಿಡಿಸಿಕೊಳ್ಳಲಾಗದೆ.

“ಮಾವ ಬ್ರೇಕ್ ಇಡ್ಕೊಂಡಿರ್ತಿದ್ರು ಕಣ್ರೀ” ಎಂದಳು ಶ್ಯಾಮಲಾ. “ಒಳ್ಗಿರೋ ಜೀವಗಳ ಮೇಲೆ ಗ್ಯಾನ ಇತ್ತು ಅವ್ರಿಗೆ. ನಿಮ್ಗೆ ಗ್ಯಾನ ಎಲ್ಲಿತ್ತು?”

ಗ್ಯಾನವಿದ್ದದ್ದು ಸಾಯಿಕುಮಾರನ ನೀಟಾಗಿ ಬಾಚಿದ ತಲೆಯ ಮೇಲೆ. ಸಾಯಿಕುಮಾರ್ ದಾರ ಕತ್ತರಿಸಿ ಅವನನ್ನು ಮಷಿನ್ನಿನಿಂದ ಬಿಡಿಸಿದ. ಗಿಣಿಗಳಿಂದ ಬಿಡಿಸಲಾಗಲಿಲ್ಲ. ಚಿಕ್ಕ ಪುಲ್ಲಿ ಕೂತಿತು. ಶ್ಯಾಮಲಾ ಹಳೆಯ ಬಟ್ಟೆ ಇಟ್ಟು ಪೆಡಲ್ ತುಳಿದಳು. ಮಷಿನ್ ಹಸುವಿನಂತೆ ಸಾಧುವಾಗಿ ನಡೆಯಿತು, ಹೊಲಿಗೆ ನೆಟ್ಟಗೆ ಬಂತು. ಅವಳ ಮುಖ ಅರಳಿದ್ದನ್ನು ನೋಡಿ ಮುನೀಂದ್ರನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಸಾಯಿಕುಮಾರನಿಗೆ ಕಾಫಿ ಬಂತು, ಚಕ್ಕುಲಿ ಬಂತು.

ಮುನೀಂದ್ರನಿಗೆ ಬಂದದ್ದು ಒಂದು ಬ್ಲೇಡು. ಮೂಲೆಯಲ್ಲಿ ಕುಳಿತು, ತನ್ನ ತೋಳಿಗೆ ಅಂಟಿದ ಗಿಣಿಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಶ್ಯಾಮಲಾ ಹತ್ತಿರ ಬಂದು ಬಗ್ಗಿದಳು. ಅವನ ಭುಜದ ಮೇಲೆ ಕೈಯಿಟ್ಟಳು. ಫೋನಿನಲ್ಲಿ ಕೇಳಿದ್ದ ಅದೇ ಬೆಲ್ಲದ ಪಾಕದ ದನಿಯಲ್ಲಿ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹೇಳಿದಳು:

“ಮೆಲ್ಲಗೆ ಕಣ್ರೀ...”

ಮುನೀಂದ್ರನ ಕಣ್ಣು ತುಂಬಿ ಬಂತು.

“...ಗಿಣಿ ರೆಕ್ಕೆ ಅರ್ದೋದಾತು” ಎಂದು ಮಾತು ಮುಗಿಸಿ, ಇನ್ನೆರಡು ಚಕ್ಕುಲಿ ತರಲು ಅಡುಗೆಮನೆಗೆ ಹೋದಳು.