ಎಣ್ಣೆಯ ಹನಿ, ಇಪ್ಪತ್ತೆರಡು ಬಿಳಿ ಪ್ಯಾಂಟು

"ಗುರುವಾರದ ಮೆರವಣಿಗೆಗೆ ಈ ಗಾಡಿ ಹೊರಡದಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿಬಿಡು, ಭಾವ!"

ಸೋಮವಾರ ಬೆಳಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಓರಿನ್ ಪೆಲ್ಕಿ ಹೀಗೆ ಗುಡುಗಿದ. ಎದುರಿಗಿದ್ದವನು ಅವನ ಹೆಂಡತಿಯ ಅಣ್ಣ ಥರ್ಲೋ, ಊರಿನ ಬ್ಯಾಂಡಿನ ಯಜಮಾನ.

"ನಿನ್ನ ಅರ್ಧ ಮೀಸೆ ಇಟ್ಕೊಂಡು ನಾನೇನು ಮಾಡ್ಲಿ? ಬುಧವಾರ ಸಂಜೆಯೊಳಗೆ ಹೇಳು. ಆಗಲ್ಲ ಅಂದ್ರೆ ಮುಂದೆ ನನ್ನ ಟ್ರ್ಯಾಕ್ಟರ್ ಬಿಡ್ತೀನಿ."

ಟ್ರ್ಯಾಕ್ಟರ್! ಓರಿನ್‌ನ ಕಿವಿ ಕೆಂಪಾಯಿತು. ಅಮೆರಿಕದ ಮೇನ್ ಪ್ರಾಂತ್ಯದ ಪರ್ಕಿನ್ಸ್ ಕಾರ್ನರಿನಲ್ಲಿ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಎಂದರೆ ಮುಂದೆ ಓರಿನ್‌ನ ಅಜ್ಜನ ಕಾಲದ ಉಗಿ ಕಾರು, ಹಿಂದೆ ಬ್ಯಾಂಡು. ಹದಿನೆಂಟು ವರ್ಷದಿಂದ ಇದೇ ಕ್ರಮ. ಆ ಜಾಗವನ್ನು ಸಗಣಿ ಹೊರುವ ಯಂತ್ರಕ್ಕೆ ಬಿಟ್ಟುಕೊಡುವುದೇ?

ತೊಂದರೆ ಇದ್ದದ್ದು ಇಷ್ಟೆ. ಸಿಲಿಂಡರಿಗೆ ಹೋಗುವ ಎಣ್ಣೆ ಚಾಲಕನ ಮುಂದಿರುವ ಬೆರಳುದ್ದದ ಗಾಜಿನ ನಳಿಗೆಯಲ್ಲಿ ಹನಿಹನಿಯಾಗಿ ಕಾಣಬೇಕು. ಹನಿ ಕಂಡರೆ ಎಂಜಿನ್ ಕ್ಷೇಮ. ಎಣ್ಣೆ ನಿಂತರೆ ಅದು ಒಣಗಿ, ಕಿರುಚಿ, ಕಚ್ಚಿಕೊಂಡು ನಿಂತೇಬಿಡುತ್ತದೆ. ಆಮೇಲೆ ಅದು ಕಾರಲ್ಲ, ಕೋಳಿಗೂಡು! ಈ ವರ್ಷ ಗಾಜಿನಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ.

ಓರಿನ್ ಹಿಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ. ಕಾರಿನ ಮುಖ ಕೊಟ್ಟಿಗೆಯ ಒಳಗೆ, ಹಿಂಭಾಗ ಅಂಗಳಕ್ಕೆ. ಎಣ್ಣೆಯ ಪಂಪನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸಿ, ಉಗಿ ಏರಿಸಿ ಓಡಿಸಿದ. ಚಕ್ರಗಳು ಗಾಳಿಯಲ್ಲಿ ಗರಗರ ತಿರುಗಿದವು. ಹನಿ ಇಲ್ಲ! ಎಣ್ಣೆ ಹೆಚ್ಚಿಸುವ ತಿರುಪನ್ನು ಒಂದು ಸುತ್ತು ತಿರುಗಿಸಿದ. ಆಗಲೂ ಇಲ್ಲ!

ಸೋಮವಾರ ಆ ಊರಲ್ಲಿ ಬಟ್ಟೆ ಒಗೆಯುವ ದಿನ. ಅಂಗಳದ ಹಗ್ಗದ ಬಳಿಯಿಂದ ಹೆಂಡತಿ ವೆಲ್ಮಾಳ ದನಿ ಬಂತು.

"ಓರಿನ್! ನಿನ್ನ ಕಾರು ನನ್ನ ಹಾಸುಬಟ್ಟೆ ಮೇಲೆ ಉಗುಳ್ತಿದೆ!"

"ಅದು ಉಗಿ ಕಣೇ, ಬರೀ ನೀರು!"

"ನೀರಿಗೆ ಕಂದು ಬಣ್ಣ ಯಾವಾಗ ಬಂತು?"

"ಹಾಗಾದ್ರೆ ಕಾಗೆ ಇರಬೇಕು!"

"ಯಾವ ಕಾಗೆ ಇಷ್ಟು ಅಚ್ಚುಕಟ್ಟಾಗಿ ಸಾಲು ಹಿಡಿದು ಹೇಲುತ್ತೆ?"

ಓರಿನ್ ಆಗಲೇ ಮತ್ತೆ ಕಾರಿನಡಿ ತೂರಿದ್ದ.

ಮಂಗಳವಾರ ಎಣ್ಣೆಯ ಕೊಳವೆಯನ್ನೇ ಕಿತ್ತು ಬಾಯಿಟ್ಟು ಊದಿದ. ಕೊಳವೆ ಶುದ್ಧವಾಗಿತ್ತು. ಆಮೇಲೆ ಅವನ ಮೀಸೆ, ಗಲ್ಲ, ಅಂಗಿ ಯಾವುದೂ ಶುದ್ಧವಾಗಿ ಉಳಿಯಲಿಲ್ಲ. ಜೋಡಿಸಿ ಓಡಿಸಿದ. ಹನಿ ಇಲ್ಲ. ತಿರುಪು ಇನ್ನೆರಡು ಸುತ್ತು! ಹಗ್ಗದ ಕಡೆಯಿಂದ ಮತ್ತೆ ಕೂಗು.

"ಮತ್ತೆ ಒಗೆದು ಹಾಕಿದ್ದೆ ಕಣೋ ಇದನ್ನ! ನಿನ್ನೆ ಸಾಸಿವೆಯಷ್ಟಿತ್ತು, ಇವತ್ತು ಬಟಾಣಿ!"

"ನಾನಿಲ್ಲಿ ಎಂಜಿನ್ ಪ್ರಾಣ ಉಳಿಸ್ತಿದ್ದರೆ ನಿಂಗೆ ಬಟಾಣಿ ಚಿಂತೆ!"

"ಆ ಗಾಜು ಒರೆಸಿದೀಯಾ?"

"ದಿನಕ್ಕೆ ನಾಲ್ಕು ಸಲ ಒರೆಸ್ತೀನಿ! ಕನ್ನಡಿ ಹಾಗಿದೆ!"

"ಒಳಗಡೆ?"

"ವೆಲ್ಮಾ, ನೀನು ನಿನ್ನ ಹಗ್ಗ ನೋಡ್ಕೋ, ನಾನು ನನ್ನ ಗಾಜು ನೋಡ್ಕೋತೀನಿ!"

ವಿಚಿತ್ರವೆಂದರೆ ಎಣ್ಣೆ ಇಲ್ಲದ ಎಂಜಿನ್ ಕಿರುಚಬೇಕಿತ್ತು. ಇದು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ಓರಿನ್‌ಗೆ ಮಾತ್ರ ಕಾರು ತನ್ನನ್ನು ಅಣಕಿಸುತ್ತಿದೆ ಎನ್ನಿಸಿ ಪಿತ್ತ ನೆತ್ತಿಗೇರಿತು. ಬುಧವಾರ ಸಂಜೆ ಥರ್ಲೋ ಬಂದು "ಟ್ರ್ಯಾಕ್ಟರ್ ತೊಳೆದಿಟ್ಟಿದೀನಿ" ಎಂದದ್ದೇ ತಡ, ಓರಿನ್ ಎಣ್ಣೆಯ ಡಬ್ಬಿಯನ್ನು ಕಂಠಪೂರ್ತಿ ತುಂಬಿಸಿದ. ತಿರುಪನ್ನು ಅದು ಇನ್ನು ತಿರುಗುವುದಿಲ್ಲ ಎನ್ನುವವರೆಗೂ ತಿರುಗಿಸಿದ.

"ಹನಿ ಕಾಣದಿದ್ರೆ ಹಾಳಾಗಿ ಹೋಗ್ಲಿ! ಇಷ್ಟು ಕೊಟ್ಟ ಮೇಲೆ ಎಣ್ಣೆ ಒಳಗೆ ಹೋಗದೆ ಎಲ್ಲಿಗೆ ಹೋಗುತ್ತೆ? ಭಾವ, ನಾಳೆ ನಾನೇ ಮುಂದೆ!"

ಗುರುವಾರ ಕಾರು ಹೊರಟಿತು. ಆಹಾ, ಏನು ಓಟ! ಬೆಣ್ಣೆಯ ಮೇಲೆ ಜಾರಿದ ಹಾಗೆ! ಹಿಂದೆ ಇಪ್ಪತ್ತೆರಡು ಜನರ ಬ್ಯಾಂಡು, ಈ ವರ್ಷ ಹೊಚ್ಚಹೊಸ ಬಿಳಿ ಸಮವಸ್ತ್ರದಲ್ಲಿ. ವೆಲ್ಮಾ ಮತ್ತು ಚರ್ಚಿನ ಹೆಂಗಸರು ಇಡೀ ಚಳಿಗಾಲ ಕೂತು ಹೊಲಿದದ್ದು. ಕಾರಿನ ಹಿಂದಿನಿಂದ ಮೋಡದಂತೆ ಉಗಿ ಹೊಮ್ಮುತ್ತಿತ್ತು. ರಸ್ತೆಯ ಎರಡೂ ಬದಿಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಚಪ್ಪಾಳೆ ಹೊಡೆಯುತ್ತಿದ್ದರು. ಓರಿನ್ ಟೋಪಿ ಎತ್ತಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಂದಿಸಿದ. ಹದಿನೆಂಟು ವರ್ಷದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ!

ಚರ್ಚಿನ ಮುಂದೆ ನಿಲ್ಲಿಸಿ, ಇಳಿದು, ಹಿಂದೆ ತಿರುಗಿದ.

ಇಪ್ಪತ್ತೆರಡು ಚಿರತೆಗಳು ಕಹಳೆ, ಡೋಲು ಹಿಡಿದು ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು.

"ಭಾವ..." ಎಂದ ಓರಿನ್.

"ಯಾರಿಗೆ ಭಾವ?" ಎಂದ ಥರ್ಲೋ. ಅವನ ಮೂಗಿನ ತುದಿಯಿಂದ ಒಂದು ಹನಿ ಜಾರಿ ಬಿತ್ತು. ಮೂರು ದಿನದಿಂದ ಓರಿನ್ ಹುಡುಕುತ್ತಿದ್ದ ಹನಿ!

ವೆಲ್ಮಾ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದಳು. ಗಾಜಿನ ನಳಿಗೆಯ ಮೇಲಿನ ಮುಚ್ಚಳ ಬಿಚ್ಚಿದಳು. ಚೀಲದಿಂದ ಹೆಣಿಗೆಯ ಕಡ್ಡಿ ತೆಗೆದು, ತುದಿಗೆ ಕರವಸ್ತ್ರ ಸುತ್ತಿ ಒಳಗೆ ತೂರಿಸಿ ತಿರುವಿದಳು. ವರ್ಷಗಟ್ಟಲೆ ಒಳಗೆ ಅಂಟಿದ್ದ ಕಂದು ಜಿಡ್ಡೆಲ್ಲ ಕರವಸ್ತ್ರಕ್ಕೆ ಬಂತು. ಮುಚ್ಚಳ ಬಿಗಿದು, "ಈಗ ಸ್ವಲ್ಪ ಮುಂದೆ ಬಿಡು" ಎಂದಳು.

ಥಳಥಳಿಸುವ ಗಾಜಿನೊಳಗೆ ಹನಿಗಳು ಒಂದನ್ನೊಂದು ತಳ್ಳಿಕೊಂಡು ಓಡಿದವು.

"ಪಂಪಿಗೆ ಯಾವತ್ತೂ ಏನೂ ಆಗಿರ್ಲಿಲ್ಲ, ಓರಿನ್. ಎಣ್ಣೆ ಹೋಗ್ತಿದೆ ಅಂತ ಸೋಮವಾರದಿಂದ ನನ್ನ ಹಗ್ಗದ ಬಟ್ಟೆ ಮೇಲೆ ಬರೆದು ತೋರಿಸ್ತಾ ಇತ್ತು. ನೀನೇ ಓದಲಿಲ್ಲ."

ಮೀಸೆ ಉಳಿಯಿತು. ಮಾನ ಉಳಿಯಲಿಲ್ಲ. ಇಪ್ಪತ್ತೆರಡು ಜೊತೆ ಬಟ್ಟೆಯನ್ನು ಓರಿನ್ ಒಬ್ಬನೇ ಒಗೆದ, ನಾಲ್ಕು ಸೋಮವಾರ.

ಮುಂದಿನ ಜುಲೈ ನಾಲ್ಕಕ್ಕೂ ಉಗಿ ಕಾರೇ ಮುಂದಿತ್ತು. ಓಡಿಸುತ್ತಿದ್ದವಳು ವೆಲ್ಮಾ. ಓರಿನ್ ಬ್ಯಾಂಡಿನ ಮೊದಲ ಸಾಲಿನಲ್ಲಿ, ಕಾರಿನ ಹಿಂಬದಿಗೆ ಸರಿಯಾಗಿ, ಬಿಳಿ ಪ್ಯಾಂಟು ತೊಟ್ಟು ದೊಡ್ಡ ಡೋಲು ಬಡಿಯುತ್ತಿದ್ದ. ಅದು ಥರ್ಲೋ ಹಾಕಿದ ಷರತ್ತು.

ಅರ್ಧ ದಾರಿಯಲ್ಲಿ ವೆಲ್ಮಾ ಗಾಜಿನತ್ತ ಕಣ್ಣೂ ಹಾಯಿಸದೆ ಕೂಗಿದಳು. "ಓರಿನ್, ಎಣ್ಣೆ ಹೋಗ್ತಿದೆಯಾ?"

ಓರಿನ್ ಡೋಲು ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿಕೊಂಡ.

"ಹೋಗ್ತಿದೆ ಕಣೇ! ಎಡ ಮೊಣಕಾಲ ಮೇಲೆ ಮೂರು!"

"ಬಲಗಡೆ?"

"ಎರಡು!"

"ಸರಿಯಾಗಿದೆ. ಬಡಿ ಡೋಲು!"