ಕಾರಿಗೆ ಹೊಗೆ ಹಾಕಿಸಿದ್ದು

ನನ್ನ ಹಟದ ಬಗ್ಗೆ ನನಗೇ ಒಂದಿಷ್ಟು ಅಭಿಮಾನವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯ ನಲ್ಲಿ ತೊಟ್ಟಿಕ್ಕಿದರೆ ನಾನು ಪ್ಲಂಬರನನ್ನು ಕರೆಯುವವನಲ್ಲ, ನಾನೇ ಬಿಚ್ಚುತ್ತೇನೆ. ಆಮೇಲೆ ಪ್ಲಂಬರ್ ಬಂದು ಒಂದರ ಬದಲು ಎರಡು ನಲ್ಲಿ ಹಾಕಿ ಹೋಗುತ್ತಾನೆ, ಆ ಮಾತು ಬೇರೆ. ಪಾಮನಕಲ್ಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಯಃಕಶ್ಚಿತ್ ಒಂದು ನಲ್ಲಿಗೆ ಸೋಲಬಾರದು ಎಂಬುದು ನನ್ನ ನಿಲುವು. ಇಂಥ ನನ್ನನ್ನು ಈ ಸಲ ಕೆಣಕಿದ್ದು ನನ್ನದೇ ಕಾರಿನ ವಾಸನೆ.

ಮಸ್ಕಿಯ ನಮ್ಮ ಮನೆ ಮುಂದೆ ನಿಲ್ಲುವ ಈ ಸೆಕೆಂಡ್ ಹ್ಯಾಂಡ್ ಕಾರು, ಹೆಂಡತಿ ಶರಣಮ್ಮ ಬೇಡವೆಂದರೂ ಕೇಳದೆ ನಾನು ತಂದದ್ದು. ಮೊದಮೊದಲು ಚೆನ್ನಾಗಿಯೇ ಇತ್ತು. ಕೆಲವು ತಿಂಗಳಿಂದ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ವಾಸನೆ ಬರತೊಡಗಿತು. ವಾಸನೆ ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂದು ಮಕ್ಕಳಿಗೆ ಊದಿನಕಡ್ಡಿ ಹಚ್ಚಿ ತೋರಿಸುವ ನಾನು, ಇದನ್ನು ಮಾತ್ರ "ಆಗಳೆ ಬಂಕಿನ್ಯಾಗ ಹಾಕ್ಸೀವಲ್ಲ, ಅದ್ರದು" ಎಂದು ತಳ್ಳಿಹಾಕಿದೆ. ಒಮ್ಮೆ ಸಿಂಧನೂರಿಗೆ ಹೊರಟಾಗ, ಊರು ಮುಟ್ಟುವುದರೊಳಗೆ ಎರಡು ಸಲ ಕಾರು ನಿಲ್ಲಿಸಲು ಹೇಳಿ, ಬೇವಿನ ಗಿಡ ಹಿಡಿದುಕೊಂಡು ವಾಂತಿ ಮಾಡಿದ ಮೇಲೆ ಶರಣಮ್ಮ ತೀರ್ಪು ಕೊಟ್ಟಳು. ಆಗ ಲಿಂಗಸುಗೂರಿನಲ್ಲಿ ಅವಳ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಭಾನುವಾರದ ಕಾರ್ಯಕ್ಕೆ ಎಂಟೇ ದಿನ ಉಳಿದಿತ್ತು.

"ಇನ್ನ ನಿಮ್ಮ ಕಾರಿನ್ಯಾಗ ನಾ ಕೂಡಂಗಿಲ್ರೀ. ಐತವಾರ ನೀವು ಕಾರ್ ತಗೊಂಡು ಬರ್ರಿ, ನಾ ಹನ್ನೊಂದರ ಬಸ್ಸಿಗೆ ಹೊಕ್ಕೀನಿ."

ಬಸ್ಸಿನಲ್ಲಿ ಹೆಂಡತಿ, ಅದರ ಹಿಂದೆ ಖಾಲಿ ಕಾರಿನಲ್ಲಿ ಗಂಡ! ನನ್ನ ಷಡ್ಡಕ ಇದನ್ನು ನೋಡಿದರೆ ಜನ್ಮವಿಡೀ ಆಡಿಕೊಳ್ಳುತ್ತಾನೆ. ಅದನ್ನಾದರೂ ಸಹಿಸಬಹುದಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಕೂತು "ಸಾವಕಾಶ, ಎಮ್ಮಿ ಬಂತು" ಎನ್ನುತ್ತಿದ್ದವಳಿಲ್ಲದೆ ಆ ದಾರಿ ಹಿಡಿಯುವುದನ್ನು ನೆನೆದರೇ ನನಗೆ ಬೇಜಾರಾಯಿತು. ಐತವಾರದೊಳಗೆ ಈ ವಾಸನೆಯ ಬುಡ ಹುಡುಕಿಯೇ ಸೈ ಎಂದು ನಿರ್ಧರಿಸಿದೆ.

ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರಲ್ಲ, ಅದೇ ಸೂತ್ರ. ಕಾರನ್ನು ಕಾಲುವೆಗೆ ಇಳಿಸಲಾಗುವುದಿಲ್ಲವಾದ್ದರಿಂದ ಗಡ್ಡದ ಬ್ರಷ್ಷಿನಲ್ಲಿ ಸೋಪಿನ ನೊರೆ ಮಾಡಿ, ಕಾರಿನಡಿ ಮಲಗಿ, ಕೈಗೆ ಸಿಕ್ಕ ಪೈಪಿಗೆಲ್ಲ ಬಳಿದೆ. ಒಂದೂ ಗುಳ್ಳೆ ಏಳಲಿಲ್ಲ. ನನ್ನ ಕಣ್ಣಿಗೆ ಮಾತ್ರ ಸೋಪು ಬಿತ್ತು. ಮರುದಿನ ಹೊಗೆಯ ಯೋಚನೆ ಹೊಳೆಯಿತು. ಒಂದು ಕಡೆ ಹೊಗೆ ಬಿಟ್ಟರೆ ತೂತಿದ್ದಲ್ಲಿ ಅದು ಹೊರಬರಲೇಬೇಕು. ಲೋಬಾನದ ಧೂಪದಾನಿಗೆ ಕೆಂಡ ಹಾಕಿಕೊಂಡು ಕಾರಿನತ್ತ ಹೊರಟಿದ್ದೆ. ಶರಣಮ್ಮ ಓಡಿ ಬಂದು ಕಸಿದುಕೊಂಡಳು.

"ಪೆಟ್ರೋಲ್ ಟಾಕಿ ಹತ್ರ ಕೆಂಡ ಒಯ್ತೀರೇನ್ರೀ? ಹುಡುಗ್ರಿಗೆ ಏನು ಕಲಸ್ತೀರಿ ನೀವು?"

ಆದರೂ ಹೊಗೆಯ ವಿಚಾರ ಸರಿಯೇ ಎಂಬ ನಂಬಿಕೆ ಅಳಿಯಲಿಲ್ಲ. ಐತವಾರ ಬೆಳಿಗ್ಗೆ ಬೇಗ ಎದ್ದು ಸಿಂಧನೂರಿನ ಮೆಕ್ಯಾನಿಕ್ ಮೆಹಬೂಬ್ ಭಾಯ್ ಹತ್ತಿರ ಕಾರು ಒಯ್ದೆ. ಕೆಂಡದ ಕಥೆ ಕೇಳಿ ಆತ ತಲೆ ಮೇಲೆ ಕೈಯಿಟ್ಟುಕೊಂಡ.

"ಅಮ್ಮಾರು ಇದ್ದದ್ದಕ್ಕ ನೀವು ಇಲ್ಲಿಗೆ ಬಂದೀರಿ ಸರ್. ಟಾಕ್ಯಾಗ ಪೆಟ್ರೋಲ್ ಆವಿ ಏಳ್ತೈತಿ. ಅದು ಹೊರಗ ಹೋಗಬಾರ್ದಂತ ಇದ್ದಲಿ ಡಬ್ಬಿಗೆ ಪೈಪ್ ಕೊಟ್ಟಿರ್ತಾರ. ಇದ್ದಲಿ ಹಿಡ್ಕೊಂತೈತಿ, ಗಾಡಿ ಚಾಲೂ ಆದ್ಮ್ಯಾಲ ಇಂಜಿನ್ ಎಳ್ಕೊಂತೈತಿ. ನಡುವ ಎಲ್ಯರ ಸಂದಿ ಬಿದ್ರ ವಾಸನಿ ಬರಾದೇ."

ಅವನ ಹತ್ತಿರ ಬೆಂಕಿಯ ಕಿಡಿಯಿಲ್ಲದೆ, ಎಣ್ಣೆ ಕಾಯಿಸಿ ಹೊಗೆ ಮಾಡುವ ಒಂದು ಪೆಟ್ಟಿಗೆಯಿತ್ತು. ಆ ಹೊಗೆಯನ್ನು ಆವಿಯ ಪೈಪಿಗೆ ಸಣ್ಣಗೆ ಬಿಟ್ಟ. "ಜೋರು ಊದಿದ್ರ ಛಲೋ ಇದ್ದ ಪೈಪೂ ಬಿಚ್ಕೊಂತಾವ ಸರ್" ಎಂದ. ನಾನು ಟಾರ್ಚ್ ಹಿಡಿದು ಬಾನೆಟ್ಟಿನಲ್ಲಿ ತಲೆ ತೂರಿಸಿ ನಿಂತೆ. ಅಲ್ಲೇನೂ ಇಲ್ಲ. ಅಡಿಗೆ ಬಗ್ಗಿದೆ, ಅಲ್ಲೂ ಇಲ್ಲ. ಗಂಟೆ ಒಂಬತ್ತೂವರೆಯಾಗಿತ್ತು. ಬೆವರು ಒರೆಸಿಕೊಳ್ಳುತ್ತ ಹಿಂದಕ್ಕೆ ಬಂದರೆ, ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳದ ಸುತ್ತ ಬಿಳಿ ಹೊಗೆ ಮೆಲ್ಲಗೆ ಸುರುಳಿ ಸುತ್ತುತ್ತಿತ್ತು.

ಮೆಹಬೂಬ್ ಭಾಯ್ ಹೊಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದ. ಟಾಕಿಯ ಕೊರಳಿಗೆ ಕಟ್ಟಿದ್ದ ಕೆಂಪು ಹಳದಿ ಪೂಜೆಯ ದಾರದ ತುದಿ, ಮುಚ್ಚಳದ ರಬ್ಬರಿನ ಕೆಳಗೆ ಸಿಕ್ಕು ಅಚ್ಚು ಒತ್ತಿಬಿಟ್ಟಿತ್ತು. ಅದನ್ನು ಬಿಚ್ಚಿ ಒಂದು ಕಾಗದದಲ್ಲಿ ಮಡಚಿ ನನ್ನ ಕೈಗೆ ಕೊಟ್ಟ. "ದೇವ್ರದು ಸರ್, ಕಾಲಾಗ ಬೀಳಬಾರ್ದು."

ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿ ಮತ್ತೆ ಹೊಗೆ ಬಿಟ್ಟರೆ ಈ ಸಲ ಎಲ್ಲೂ ಹೊರಬರಲಿಲ್ಲ. ನನಗೆ ಹಿಡಿಸಲಾರದಷ್ಟು ಖುಷಿ. ದಾರ ಕಟ್ಟುವುದು, ಕುಂಕುಮ ಹಚ್ಚುವುದು ನಮ್ಮ ಮನೆಯಲ್ಲಿ ಯಾರ ಖಾತೆ ಎಂಬುದು ನನಗೆ ಗೊತ್ತಿಲ್ಲವೇ? ಅಲ್ಲೇ ಫೋನ್ ಹಚ್ಚಿದೆ. ನನ್ನ ವಿಜಯವನ್ನು ಮೆಹಬೂಬ್ ಭಾಯ್ ಕೂಡ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ವಾಸನಿ ಎಲ್ಲಿಂದ ಬರಾಕತ್ತಿತ್ತು ಗೊತ್ತೇನು? ನೀ ಕಟ್ಟಿದ ಆಯುಧ ಪೂಜಿ ದಾರದಿಂದ!"

"ನಾ ಕಟ್ಟಿದ್ದು ಸ್ಟೇರಿಂಗಿಗೆ" ಎಂದಳು ಆಕೆ, ಒಂಚೂರೂ ತಡವರಿಸದೆ. "ಗೇಣು ದಾರ ಉಳಿದಿತ್ತು. 'ಮೈಲೇಜ್ ಛಲೋ ಬರ್ಲಿ' ಅಂತ ಅದನ್ನ ತಗೊಂಡು ಹಿಂದಕ್ಕ ಹೋದವರು ಯಾರ್ರೀ?"

ಮೆಹಬೂಬ್ ಭಾಯ್ ಥಟ್ಟನೆ ಬೆನ್ನು ತಿರುಗಿಸಿದ. ಆ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು. ಫೋನಿನಲ್ಲಿ ಶರಣಮ್ಮನೂ ನಗುತ್ತಿದ್ದಳು. "ಇರ್ಲಿ, ವಾಸನಿ ಹೋತಿಲ್ಲೋ? ಲಗೂನ ಬರ್ರಿ. ಸೀರಿ ಉಟ್ಕೊಂಡು ನಿಂತೀನಿ, ಬಸ್ಸಿಗೆ ಹೋಗಂಗಿಲ್ಲ."

ಹೀಗೆ ನಾವಿಬ್ಬರೂ ಒಂದೇ ಕಾರಿನಲ್ಲಿ ಲಿಂಗಸುಗೂರು ಮುಟ್ಟಿದೆವು. ಚಪ್ಪಲಿ ಬಿಡುವ ಮೊದಲೇ ಶರಣಮ್ಮ ಅಕ್ಕನಿಗೂ ಷಡ್ಡಕನಿಗೂ ಎಲ್ಲವನ್ನೂ ಹೇಳಿ ಮುಗಿಸಿದಳು. ಅವಳು ಪಕ್ಕದಲ್ಲಿ ಕೂತು ಬಂದದ್ದಕ್ಕೆ ಅಷ್ಟು ಅವಮಾನ ಹೆಚ್ಚೇನಲ್ಲ ಎಂದು ನಾನೂ ಅವರ ಜೊತೆ ನಕ್ಕೆ. ಈಗ ವಾಸನೆ ಇಲ್ಲವೇ ಇಲ್ಲ. ಆದರೆ ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ, ಆ ದಾರ ಬಿಚ್ಚಿದಂದಿನಿಂದ ಮೈಲೇಜ್ ಕೊಂಚ ಇಳಿದಿದೆ ಎಂದು ನನಗೆ ಬಲವಾದ ಅನುಮಾನ. ಕಾರಿನಲ್ಲಿ ಹೋಗುವಾಗಲೆಲ್ಲ ಈ ಮಾತು ನಾಲಗೆ ತುದಿಗೆ ಬರುತ್ತದೆ. ಪಕ್ಕದ ಸೀಟು ಮತ್ತೆ ಖಾಲಿಯಾದೀತು ಎಂದು ನುಂಗಿಕೊಳ್ಳುತ್ತೇನೆ.