ಬೋರ್ಡು ಹೇಳಿದ ಊರಿಗೆ

ಕೊಟ್ಟ ಮಾತಿಗೆ ತಪ್ಪದವರು ಮೂರೇ ಮಂದಿ: ಸೂರ್ಯ, ಚಂದ್ರ ಮತ್ತು ನಮ್ಮ ಬಸ್ಸಿನ ಡ್ರೈವರು. ಮೊದಲಿನ ಇಬ್ಬರಿಗೆ ಗ್ರಹಣವಾದರೂ ಹಿಡಿಯುತ್ತದೆ. ಈತನಿಗೆ ಅದೂ ಇಲ್ಲ!

ಬಸ್ಸು ಕೊಪ್ಪಳದ ಒಬ್ಬ ಮಾಲೀಕನದು. ಗಂಗಾವತಿಗೆ ಒಂದು ಸಲ, ಕುಷ್ಟಗಿಗೆ ಒಂದು ಸಲ, ಯಲಬುರ್ಗಾಕ್ಕೆ ಒಂದು ಸಲ ಹೋಗಿ ಬಂದರೆ ಅದರ ದಿನ ಮುಗಿಯಿತು. ಅದರಲ್ಲಿ ದುಡಿಯುವವರು ಮೂವರು: ಡ್ರೈವರು, ಕಂಡಕ್ಟರು, ಕ್ಲೀನರು. ಕ್ಲೀನರು ನಾನೇ. ಯಾಕೆ, ನಗು ಬಂತೇ? ಸೀರೆಗೆ ಕಚ್ಚೆ ಹಾಕಿ, ಹಿಂದಿನ ಏಣಿ ಹತ್ತಿ, ಜೋಳದ ಚೀಲ, ಸೈಕಲ್ಲು, ಒಮ್ಮೆ ಕಾಲು ಕಟ್ಟಿದ ಟಗರನ್ನೂ ಬಸ್ಸಿನ ಮೇಲೆ ಏರಿಸಿದವಳು ನಾನು. ಟಗರು ನನಗೆ ಒದ್ದಿತು. ನಾನೂ ಬಿಡಲಿಲ್ಲ, ತಿರುಗಿ ಒದ್ದೆ.

ಡ್ರೈವರು ಕೊಪ್ಪಳದ ಸಾಬರು. ಬಿಳಿ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ, ಹೆಗಲ ಮೇಲೆ ಚೌಕಳಿ ಟವೆಲು. ಬಾಯಿಂದ ಮಾತು ಬರುವುದೇ ಕಡಿಮೆ. ಬಂತೋ, ಅದು ಕಲ್ಲಿನಲ್ಲಿ ಕೊರೆದಂತೆ.

ಒಮ್ಮೆ ಯಲಬುರ್ಗಾದ ದಾರಿಯಲ್ಲಿ ಒಬ್ಬಳು ತನ್ನ ಮನೆ ಬಾಗಿಲಿಂದಲೇ ಕೂಗಿದಳು: “ನಾ ಬರೂತನಾ ನಿಲ್ಲಸ್ರೀ!” ಈತ “ಹೂಂ” ಎಂದ. ಅವಳು ಇನ್ನೂ ರೊಟ್ಟಿ ಬಡಿಯುತ್ತಿದ್ದಳು! ಹೆಂಚಿನ ಮೇಲೆ ಒಂದು, ನಾದುವ ಕೊಣಮಿಗೆಯಲ್ಲಿ ಇನ್ನೂ ಆರು ರೊಟ್ಟಿಯ ಹಿಟ್ಟು. ಬಸ್ಸಿನ ತುಂಬ ಮಂದಿ ಬೆವರುತ್ತ ಬೈದರು.

“ಎಷ್ಟೊತ್ರೀ ಡ್ರೈವರ್ ಸಾಹೇಬ್ರ, ಗಾಡಿ ಬಿಡ್ರಿ!”

“ನಿಲ್ಲಸ್ತೀನಿ ಅಂದೀನಿ. ಎಷ್ಟೊತ್ತಂತ ಆಕಿನೂ ಹೇಳಿಲ್ಲ, ನಾನೂ ಕೇಳಿಲ್ಲ.”

ಕೊನೆಗೆ ಅವಳು ಬಿಸಿ ರೊಟ್ಟಿಯ ಗಂಟು ಹಿಡಿದೇ ಬಂದಳು. ಜೋರಾಗಿ ಬೈದವನೇ ಮೊದಲು ಕೈ ಚಾಚಿದ.

ಇನ್ನೊಮ್ಮೆ ಇಟಗಿಯವನೊಬ್ಬ ಹಿಂದಿನ ದಿನವೇ ಹೇಳಿಟ್ಟಿದ್ದ, “ನಾಳೆ ನನಗ ಒಂದು ಸೀಟು ಇಡ್ರಿ” ಅಂತ. ಮರುದಿನ ಆಸಾಮಿಯ ಸುಳಿವೇ ಇಲ್ಲ. ಡ್ರೈವರು ಆ ಸೀಟಿನ ಮೇಲೆ ಟವೆಲು ಹಾಸಿ ಗಾಡಿ ಬಿಟ್ಟ. ಮೂವತ್ತು ಮಂದಿ ನಿಂತಿದ್ದಾರೆ, ಟವೆಲು ಕೂತಿದೆ! ದಪ್ಪನೆಯ ಸಾವಕಾರನೊಬ್ಬ ತಡೆಯಲಾರದೆ ಅದರ ಮೇಲೆ ಕುಂಡಿ ಊರಿದ. ಬಸ್ಸು ಗಕ್ಕನೆ ನಿಂತಿತು.

“ಏಳ್ರಿ. ಆ ಸೀಟಿನ ಮಾತು ಕೊಟ್ಟೀನಿ.”

“ಮಾತು ತಗೊಂಡಾಂವ ಬಂದಿಲ್ಲಲ್ರೀ!”

“ಬರದಿದ್ದದ್ದು ಅವನ ಮಾತು. ಸೀಟು ಇಟ್ಟದ್ದು ನನ್ನ ಮಾತು.”

ಸಾವಕಾರ ಎದ್ದ. ಏಳದೆ ಏನು ಮಾಡುತ್ತಾನೆ? ಆ ಗಡ್ಡ, ಆ ಕಣ್ಣು ನೋಡಿದರೆ ಬಸ್ಸೇ ಎದ್ದು ನಿಲ್ಲಬೇಕು.

ಬಸ್ಸಿನ ಮುಂದೆ ತೂಗುಹಾಕುವ ಊರಿನ ಬೋರ್ಡು ಕಂಡರಂತೂ ಆತನಿಗೆ ಭಾಳ ಭಕ್ತಿ. “ಬೋರ್ಡು ಅಂದ್ರ ಬಸ್ಸಿನ ಜಬಾನು, ಅದು ಕೊಟ್ಟ ಮಾತು. ಅದನ್ನ ಮೀರಿದ್ರ ಅದು ಬಸ್ಸಲ್ಲ, ತಗಡಿನ ಡಬ್ಬಿ” ಎನ್ನುತ್ತಿದ್ದ. ಆ ಬೋರ್ಡು ಹಚ್ಚುವ ಕೆಲಸ ಕ್ಲೀನರದು. ಅಂದರೆ ನನ್ನದು. ಅಲ್ಲೇ ಇದ್ದದ್ದು ನನ್ನ ಕುತ್ತಿಗೆಯ ಕುಣಿಕೆ.

ಮೊದಲು ನನ್ನ ಗಂಡ ಈ ಬಸ್ಸಿನ ಕ್ಲೀನರಾಗಿದ್ದ. ಆತ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಾಲೀಕನ ಮುಂದೆ ನಿಂತೆ. ಅವನು ಕೇಳಿದ್ದು ಒಂದೇ: “ಬೋರ್ಡು ಓದಾಕ ಬರತೈತಿಲ್ಲ? ಬರದಿದ್ರ ಈಗ ಹೇಳು.”

“ನಾಕನೇತ್ತಾ ಪಾಸ್ ರೀ” ಎಂದೆ. ನಾನು ಸಾಲಿಯ ಮೆಟ್ಟಿಲು ಹತ್ತಿದ್ದು ಕಸ ಹೊಡೆಯಲು ಮಾತ್ರ! ಆದರೆ ಹೊಟ್ಟೆಗೆ ಇದ್ದ ದಾರಿ ಅದೊಂದೇ. ಗೊತ್ತಾದರೆ ಅದೇ ದಿನ ಇಳಿಸುತ್ತಿದ್ದರು.

ಹಾಗಾದರೆ ಬೋರ್ಡು ಹೇಗೆ ಹಚ್ಚಿದೆ ಎನ್ನುತ್ತೀರಾ? ಕೊಪ್ಪಳದ ಬೋರ್ಡಿಗೆ ಒಂದು ಮೂಲೆ ಸೊಟ್ಟ. ಗಂಗಾವತಿಗೆ ನಡುವೆ ಹಪ್ಪಳದಷ್ಟು ತುಕ್ಕು. ಕುಷ್ಟಗಿಗೆ ಕೊಂಡಿ ಮುರಿದು ತಂತಿ ಸುತ್ತಿತ್ತು. ಯಲಬುರ್ಗಾದ ಮೇಲೆ ಯಾರೋ ಬೀಡಿಯ ಚೀಟಿ ಅಂಟಿಸಿದ್ದರು. ಇವೇ ನನ್ನ ಅಕ್ಷರ. ಎರಡು ವರ್ಷ ಒಂದೂ ತಪ್ಪಿಲ್ಲ.

ಆಗ ಮಾಲೀಕನ ತಲೆಯಲ್ಲಿ ಒಳ್ಳೆಯ ಬುದ್ಧಿ ಹುಟ್ಟಿತು. ಪೇಂಟರನ್ನು ಕರೆಸಿ ಬೋರ್ಡುಗಳಿಗೆ ಹೊಸ ಬಣ್ಣ ಹಚ್ಚಿಸಿದ! ಆ ಪುಣ್ಯಾತ್ಮ ಸೊಟ್ಟ ಮೂಲೆ ಬಡಿದು ನೇರ ಮಾಡಿದ, ತುಕ್ಕು ತಿಕ್ಕಿದ, ಹೊಸ ಕೊಂಡಿ ಹಾಕಿದ, ಬೀಡಿಯ ಚೀಟಿ ಕಿತ್ತ. ಬೆಳಿಗ್ಗೆ ನೋಡಿದರೆ ನಾಲ್ಕೂ ಹಳದಿ, ನಾಲ್ಕೂ ಒಂದೇ ತಾಯಿಯ ಮಕ್ಕಳು! ಹೊಸ ಗುರುತು ಮಾಡಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಮಾಡಲು ಯಾವುದು ಯಾವ ಊರೆಂದು ಮೊದಲು ತಿಳಿಯಬೇಕಲ್ಲ? ಯಾರನ್ನು ಕೇಳಲಿ, ಮಾಲೀಕನನ್ನೇ?

ಅವತ್ತು ಮೊದಲ ಸರತಿ ಕುಷ್ಟಗಿಗೆ. ದೇವರ ಮೇಲೆ ಭಾರ ಹಾಕಿ ಒಂದನ್ನು ಹಚ್ಚಿದೆ. ಕಂಡಕ್ಟರು ಚಹಾ ಕುಡಿದು ಬರುವುದರೊಳಗೆ ಬಸ್ಸು ತುಂಬಿತ್ತು. ಮೊದಲ ಸೀಟಿನಲ್ಲಿ ಅಂಟಿನುಂಡೆಯ ಡಬ್ಬಿ ಹಿಡಿದ ಮುದುಕಿ, ಬಾಣಂತಿ ಮಗಳನ್ನು ನೋಡಲು ಹೊರಟವಳು.

“ಗಂಗಾವತಿ ಒಂದು ಕೊಡಪಾ.”

“ಇದು ಕುಷ್ಟಗಿ ಬಸ್ಸಬೇ ಯಮ್ಮಾ.”

“ಏನ್ ಮಾತಾಡ್ತಿ ನೀನು? ಈ ಕಾಲೇಜ್ ಹುಡುಗಿ ಬೋರ್ಡು ಓದಿ ಹತ್ತಿಸ್ಯಾಳ ನನ್ನ!”

ಹಿಂದಿನಿಂದ ಇಪ್ಪತ್ತು ಬಾಯಿ “ಗಂಗಾವತಿ, ಗಂಗಾವತಿ!” ಎಂದವು. ಕೆಳಗೆ ಕುಷ್ಟಗಿಯ ಮಂದಿ ನಮ್ಮ ಬಸ್ಸೆಲ್ಲಿ ಎಂದು ಕೂಗುತ್ತಿದ್ದರು. ಕಂಡಕ್ಟರು ಇಳಿದು ಹೋಗಿ ಬೋರ್ಡು ನೋಡಿದ. ಅವನು ಕೆಟ್ಟವನಲ್ಲ. ಆದರೆ ಅವನ ಗಂಟಲಿದ್ದರೆ ಬಸ್ಸಿಗೆ ಬೇರೆ ಹಾರನ್ ಬೇಡ.

“ಅಕ್ಕಾ! ಕುಷ್ಟಗಿ ಹಚ್ಚಂದ್ರ ಗಂಗಾವತಿ ಹಚ್ಚೀಯಲ್ಲ! ಓದಾಕ ಬರತೈತೋ ಇಲ್ಲೋ ನಿನಗ?”

ಎದುರಿನ ಅಂಗಡಿಯಿಂದ ಮಾಲೀಕ ಎದ್ದು ಬಂದ. “ಏನದು ಗದ್ದಲ?”

ನನ್ನ ಕೆಲಸ ಹೋಯಿತು, ಮಕ್ಕಳ ಸಾಲಿ ಹೋಯಿತು ಎಂದು ಲೆಕ್ಕ ಹಾಕುತ್ತ ನಿಂತೆ. ಅಷ್ಟರಲ್ಲಿ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದ.

“ನಾನ ಹೇಳಿ ಹಚ್ಚಿಸೀನ್ರಿ. ಗಂಗಾವತಿ ಮಂದಿ ಭಾಳ ನಿಂತಿತ್ತು.”

“ಯಾರನ್ನ ಕೇಳಿ?”

“ಯಾರನ್ನೂ ಕೇಳಿಲ್ರಿ. ತಪ್ಪು ನಂದ.”

ನಾನು ದಂಗಾದೆ. ಬಾಯಿಂದ ಬಂದ ಮಾತನ್ನು ಕಲ್ಲಿನಂತೆ ಕಾಯುವ ಮನುಷ್ಯ, ಊರ ನಡುವೆ, ಹಾಡಹಗಲು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ! ನಿಜ ಹೇಳಲು ನಾನು ಬಾಯಿ ತೆರೆಯಲಿಲ್ಲ. ತೆರೆಯಬೇಕಿತ್ತು ಎನ್ನುವವರು ನನ್ನ ಜಾಗದಲ್ಲಿ ನಿಂತು ತೆರೆದು ನೋಡಲಿ.

ಬಸ್ಸು ಬೋರ್ಡು ಹೇಳಿದ ಊರಿಗೇ ಹೋಯಿತು. ಹೇಮಗುಡ್ಡ ಕಂಡಾಗ ಎಲ್ಲರೂ ದುರ್ಗಮ್ಮನಿಗೆ ಕೈ ಮುಗಿದರು. ನಾನೂ ಮುಗಿದೆ. ಗುಡ್ಡದ ಕಡೆಗೋ ಸ್ಟೇರಿಂಗಿನ ಕಡೆಗೋ, ಇವತ್ತಿಗೂ ಹೇಳಲಾರೆ.

ಮಾಲೀಕ ಬಿಡುತ್ತಾನೆಯೇ? “ಹತ್ತು ದಿನ ಬಸ್ಸು ನೀನ ತೊಳಿ” ಎಂದ. ಅದು ನನ್ನ ಕೆಲಸ! ಆ ವಯಸ್ಸಿನವನು ಪೈಜಾಮ ಮೇಲೆ ಕಟ್ಟಿ ಬಕೆಟ್ಟು ಹಿಡಿದ. ಗಾಲಿ ತೊಳೆದು, ಗಾಜು ತೊಳೆದು, ಕೊನೆಗೆ ಟವೆಲಿನಿಂದ ಬೋರ್ಡು ಒಂದೊಂದೇ ಒರೆಸುತ್ತ, ನನ್ನ ಕಡೆ ನೋಡದೆ ಗಟ್ಟಿಯಾಗಿ ಹೇಳುತ್ತಿದ್ದ: “ಈ ಕುಷ್ಟಗಿ ಮ್ಯಾಲ ಎಷ್ಟ ಧೂಳ ಕುಂತೈತಿ! ಗಂಗಾವತಿ ಪರವಾಗಿಲ್ಲ. ಯಲಬುರ್ಗಾ ಛಲೋ ಹೊಳಿಯಾಕತ್ತೈತಿ. ಕೊಪ್ಪಳ, ನೀ ಇಲ್ಲೇ ಇರು.”

ಹತ್ತು ದಿನ ಮುಗಿಯಿತು. ಒರೆಸುವುದು ಮುಗಿಯಲಿಲ್ಲ. ಪ್ರತಿ ಸರತಿಗೂ ಇಳಿದು ಬರುತ್ತಿದ್ದ. ಕಂಡಕ್ಟರು ನಕ್ಕ.

“ಸಾಹೇಬ್ರ, ಬೋರ್ಡಿನ ಕೂಡ ಏನ್ ಮಾತ್ರೀ ದಿನಾ?”

“ಹೆಸರ ಹಿಡಿದು ಕರದ್ರ ಊರು ಲಗೂನ ಬರತಾವು.”

ನಾನು ಆಗ ಗುರುತು ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ. ಆತ ಹೆಸರು ಹೇಳುತ್ತಿದ್ದ, ನಾನು ಅಕ್ಷರ ನೋಡುತ್ತಿದ್ದೆ. ಬೋರ್ಡು ಮುಗಿದ ಮೇಲೆ ದಾರಿಯ ಅಂಗಡಿಗಳ ಹೆಸರು, ಆಮೇಲೆ ಮಕ್ಕಳ ಪುಸ್ತಕ. ಮೂರನೆಯ ವರ್ಷ ನನಗೆ ಓದಲು ಬಂತು. ಆತನಿಗೆ ಹೇಳಲಿಲ್ಲ. ಹೇಳಿದರೆ ಒರೆಸುವುದು ಬಿಟ್ಟುಬಿಡುತ್ತಾನಲ್ಲ!

ಮೊನ್ನೆ ಮೊನ್ನೆ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ ಆಯಿತು. ಗಂಡಸರೆಲ್ಲ ಮೋಟಾರ್ ಸೈಕಲ್ ಮೇಲೆ. ನಮ್ಮ ಬಸ್ಸಿಗೆ ಹತ್ತುವವರು ಯಾರು, ಟಗರೇ? ಮಾಲೀಕ ಮಾರಿಬಿಟ್ಟ. ಕೊಂಡವನಿಗೆ ನಮ್ಮ ಊರುಗಳು ಬೇಡ; ಬೋರ್ಡು ನಾಲ್ಕನ್ನೂ ಗೋಡೆಗೆ ಒರಗಿಸಿ ಗಾಡಿ ಒಯ್ದ. ಡ್ರೈವರು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಟವೆಲು ತೆಗೆದ.

“ಕೊಪ್ಪಳ,” ಎಂದ. “ಗಂಗಾವತಿ. ಕುಷ್ಟಗಿ.”

ನಾಲ್ಕನೆಯದನ್ನು ಒರೆಸುತ್ತಲೇ ಇದ್ದ. ಧೂಳು ಎಂದೋ ಹೋಗಿತ್ತು. ಹೆಸರು ಮಾತ್ರ ಹೇಳಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದೆ:

“ಸಾಹೇಬ್ರ, ನನಗ ಓದಾಕ ಬರಂಗಿಲ್ಲ. ಇದ್ಯಾವ ಊರ್ರಿ?”

“ಯಲಬುರ್ಗಾ, ತಂಗೀ,” ಎಂದ. “ಯಲಬುರ್ಗಾ.”